ಗುಲಾಬಿ ಮರಳಿನ ದ್ವೀಪಗಳಿಗೆ ಹೊರಡುವ ಮುನ್ನ

ಇಟಲಿಯ ಸಾರ್ಡೀನಿಯಾ ದ್ವೀಪದ ಉತ್ತರ ತುದಿಯಲ್ಲಿ, ಫ್ರಾನ್ಸಿನ ಕೋರ್ಸಿಕಾ ದ್ವೀಪಕ್ಕೆ ಎದುರಾಗಿ, ಲಾ ಮದ್ದಲೇನಾ ದ್ವೀಪಸಮೂಹವಿದೆ. ದೊಡ್ಡ ದ್ವೀಪಗಳು ಏಳು. ಸಣ್ಣಪುಟ್ಟ ನಡುಗಡ್ಡೆಗಳನ್ನೂ ಎಣಿಸಿದರೆ ಅರವತ್ತಕ್ಕೂ ಹೆಚ್ಚು. 1994ರಿಂದ ನೆಲ, ನೀರು ಎಲ್ಲವೂ ರಾಷ್ಟ್ರೀಯ ಉದ್ಯಾನ. ನಮ್ಮ ದರೋಜಿ ಕರಡಿಧಾಮ ಘೋಷಣೆಯಾದದ್ದೂ ಅದೇ ವರ್ಷ. ಈ ಪ್ರವಾಸದ ಬಗ್ಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಈ ಸಮೂಹದ ಬುದೆಲ್ಲಿ ದ್ವೀಪದ ಗುಲಾಬಿ ಬೀಚಿನ ಫೋಟೊ ನೋಡಿದ್ದೇವೆ. ಮಕ್ಕಳನ್ನು ಅಲ್ಲಿ ಆಡಲು ಬಿಡಬಹುದೇ? ನೆನಪಿಗೆಂದು ಒಂದು ಸಣ್ಣ ಡಬ್ಬಿ ಮರಳು ತಂದರೆ ತೊಂದರೆ ಇದೆಯೇ? (ಸಿರುಗುಪ್ಪ)

ಉತ್ತರ: ಆಡುವುದಿರಲಿ, ಆ ಮರಳ ಮೇಲೆ ಕಾಲಿಡುವಂತೆಯೇ ಇಲ್ಲ. 1990ರ ದಶಕದಿಂದ ಅದು ಪೂರ್ತಿ ನಿರ್ಬಂಧಿತ ಜಾಗ. ನೀರಿನಲ್ಲಿ ತೇಲುಗುಂಡುಗಳ ಗಡಿ ಹಾಕಿದ್ದಾರೆ, ದೋಣಿ ಅದರಾಚೆಗೇ ನಿಲ್ಲಬೇಕು. ಈಜಿಕೊಂಡು ಹೋದರೂ ಅಪರಾಧವೇ. ಮರಳಿನ ವಿಚಾರ ಇನ್ನೂ ಬಿಗಿ. ಸಾರ್ಡೀನಿಯಾದ ಯಾವ ಬೀಚಿನಿಂದಲೂ ಮರಳು, ಬೆಣಚುಕಲ್ಲು, ಚಿಪ್ಪು ತರುವಂತಿಲ್ಲ. 2017ರ ಪ್ರಾದೇಶಿಕ ಕಾನೂನಿನ ಪ್ರಕಾರ ದಂಡ 500ರಿಂದ 3,000 ಯೂರೊ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಮರಳಿನ ಬಾಟಲಿ ಸಿಕ್ಕಿಬೀಳುತ್ತದೆ. ಮಕ್ಕಳ ಆಟದ ಬಕೆಟ್ಟು, ಚಪ್ಪಲಿಗಳನ್ನು ಬೀಚಿನಲ್ಲೇ ಚೆನ್ನಾಗಿ ಕೊಡವಿ ತನ್ನಿ.

ಇಷ್ಟು ಬಿಗಿ ಏಕೆಂದರೆ ಆ ಬಣ್ಣ ಕಲ್ಲಿನದಲ್ಲ, ಜೀವಿಯದು. ಮಿನಿಯಾಚೀನಾ ಎಂಬ ಏಕಕೋಶ ಜೀವಿ, ಕೆಲವೇ ಮಿಲಿಮೀಟರಿನ ಕೆಂಪು ಕವಚ ಕಟ್ಟಿಕೊಂಡು ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬುಡದಲ್ಲಿ ಬದುಕುತ್ತದೆ. ಸತ್ತ ಮೇಲೆ ಅಲೆ ಆ ಕವಚವನ್ನು ಪುಡಿಮಾಡಿ ದಡಕ್ಕೆ ತರುತ್ತದೆ, ಬಿಳಿ ಮರಳಿಗೆ ಬೆರೆತು ಗುಲಾಬಿಯಾಗುತ್ತದೆ. ಬಂದವರೆಲ್ಲ ಒಂದೊಂದು ಡಬ್ಬಿ ಒಯ್ದರು, ದೋಣಿಗಳ ಲಂಗರು ಹುಲ್ಲನ್ನು ಬೇರುಸಹಿತ ಕಿತ್ತವು. ಮರಳೂ ಹೋಯಿತು, ಬಣ್ಣ ಹುಟ್ಟುವ ಜಾಗವೂ ಹಾಳಾಯಿತು. ಈಗ ಅದು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಹತ್ತಿರದಿಂದ ನೋಡುವ ಆಸೆಗೆ ಒಂದು ಬೈನಾಕ್ಯುಲರ್ ಒಯ್ಯಿರಿ. ದೋಣಿ ಹತ್ತುವ ಮುಂಚೆ, ಅದು ಗುಲಾಬಿ ಬೀಚಿನ ಎದುರು ನಿಲ್ಲುತ್ತದೆಯೇ, ಯಾವ ದ್ವೀಪಗಳಲ್ಲಿ ಇಳಿಸುತ್ತದೆ ಎಂದು ಕೇಳಿಕೊಳ್ಳಿ. ಎಲ್ಲ ದೋಣಿಗಳ ದಾರಿ ಒಂದೇ ಅಲ್ಲ.

ಪ್ರಶ್ನೆ: ಅಲ್ಲಿನ ಬಂಡೆಗಳ ಚಿತ್ರ ನೋಡಿದರೆ ನಮ್ಮ ಆನೆಗೊಂದಿಯದ್ದೇ ಅನಿಸುತ್ತದೆ. ಕಲ್ಲು ಒಂದೇ ಜಾತಿಯದೇ? (ಗಂಗಾವತಿ)

ಉತ್ತರ: ಎರಡೂ ಗ್ರಾನೈಟ್, ವಯಸ್ಸು ಮಾತ್ರ ಬಹಳ ದೂರ. ಸಾರ್ಡೀನಿಯಾದ್ದು ಸುಮಾರು 30 ಕೋಟಿ ವರ್ಷ ಹಳೆಯದು. ಆನೆಗೊಂದಿ, ಹಂಪಿಯ ಕಲ್ಲು ಸುಮಾರು 250 ಕೋಟಿ ವರ್ಷದ್ದು. ದುಂಡು ಗುಂಡುಗಳು ಹುಟ್ಟುವ ಬಗೆ ಎರಡು ಕಡೆಯೂ ಒಂದೇ. ನೆಲದೊಳಗೆ ಬಿರುಕುಗಳ ಗುಂಟ ನೀರಿಳಿದು ಅಂಚು, ಮೂಲೆಗಳು ಕೊಳೆಯುತ್ತವೆ. ಮೇಲಿನ ಮಣ್ಣು ಕೊಚ್ಚಿಹೋದಾಗ ಗಟ್ಟಿ ತಿರುಳು ಗುಂಡಾಗಿ ಹೊರಗೆ ನಿಲ್ಲುತ್ತದೆ.

ಅಲ್ಲಿ ಹೆಚ್ಚಾಗಿ ಕಾಣುವುದು ತಾಫೋನಿ, ಅಂದರೆ ಬಂಡೆಯ ಪಕ್ಕೆಯಲ್ಲಿ ಗೂಡಿನಂಥ ಪೊಟರೆಗಳು. ಗಾಳಿ ತಂದ ಕಡಲ ಉಪ್ಪು ಕಲ್ಲಿನ ಸಂದುಗಳಲ್ಲಿ ಹರಳಾಗಿ ಹಿಗ್ಗಿ, ಕಣ ಕಣವಾಗಿ ಒಡೆಯುತ್ತದೆ. ಅಂಥ ಪೊಟರೆಯ ಒಳಗೋಡೆಯನ್ನು ಸುಮ್ಮನೆ ಬೆರಳಿನಿಂದ ಸವರಿದರೂ ದಪ್ಪ ರವೆಯಂತೆ ಉದುರುತ್ತದೆ. ಹಾಗಾಗಿ ಒಳಗೆ ಹತ್ತಿ ಕೂರಬೇಡಿ. ಪಲಾವು ಊರಿನ ಪಕ್ಕದ ಬೆಟ್ಟದ ಮೇಲಿನ ಕರಡಿ ಬಂಡೆ ಇದಕ್ಕೆ ಒಳ್ಳೆಯ ಉದಾಹರಣೆ. ಸಂಜೆಯ ಬೆಳಕಿನಲ್ಲಿ ನೋಡಿ.

ಪ್ರಶ್ನೆ: ನಾವು ನಾಲ್ವರು, ಇಬ್ಬರು ಸಣ್ಣ ಮಕ್ಕಳು. ಯಾವಾಗ, ಹೇಗೆ ಹೋಗಬೇಕು? ಹೊಲವೇ ನಮ್ಮ ಆದಾಯ, ವೀಸಾ ಸಿಗುತ್ತದೆಯೇ? (ಬಳ್ಳಾರಿ)

ಉತ್ತರ: ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್. ಆಗಸ್ಟ್ ಬೇಡ, ಇಟಲಿಯವರೆಲ್ಲ ರಜೆಯಲ್ಲಿರುತ್ತಾರೆ, ಬಾಡಿಗೆ ಏರಿರುತ್ತದೆ. ಜೂನ್ ಮೊದಲ ವಾರದಲ್ಲಿ ಸಮುದ್ರದ ನೀರು 20 ಡಿಗ್ರಿ ಆಸುಪಾಸು, ನಮ್ಮ ಕಡೆಯ ಮಕ್ಕಳಿಗೆ ನಡುಕ ಬರುವಷ್ಟು ತಣ್ಣಗೆ. ಸೆಪ್ಟೆಂಬರ್ ವಾಸಿ.

ಯೋಜನೆ ತಪ್ಪಿಸುವುದು ಗಾಳಿ. ಕೋರ್ಸಿಕಾ, ಸಾರ್ಡೀನಿಯಾ ನಡುವಿನ ಬೊನಿಫಾಚೊ ಜಲಸಂಧಿ ಸುಮಾರು 12 ಕಿಲೊಮೀಟರ್ ಅಗಲದ ಇರುಕು. ವಾಯವ್ಯದಿಂದ ಬೀಸುವ ಮಿಸ್ಟ್ರಾಲ್ ಅಲ್ಲಿ ಇಕ್ಕಟ್ಟಾಗಿ ಇನ್ನಷ್ಟು ಜೋರಾಗುತ್ತದೆ. ಒಮ್ಮೆ ಹಿಡಿದರೆ ಎರಡು ಮೂರು ದಿನ ಬಿಡದು, ಪ್ರವಾಸಿ ದೋಣಿಗಳು ಹೊರಡುವುದಿಲ್ಲ. ಒಂದೇ ದಿನ ಇಟ್ಟುಕೊಂಡು ಬಂದವರು ಬರಿಗೈಲಿ ಮರಳುತ್ತಾರೆ. ಕನಿಷ್ಠ ಮೂರು ರಾತ್ರಿ ಉಳಿಯಿರಿ, ಗಾಳಿ ಶಾಂತವಿರುವ ಮೊದಲ ದಿನವೇ ದೋಣಿ ಹತ್ತಿ. ಗಾಳಿಯ ದಿನ ಪೂರ್ವ, ದಕ್ಷಿಣಕ್ಕೆ ಮುಖಮಾಡಿದ ಬೀಚುಗಳಲ್ಲಿ ಮರೆ ಸಿಗುತ್ತದೆ.

ದಾರಿ ಹೀಗೆ: ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಂಗಳೂರು, ಅಲ್ಲಿಂದ ವಿಮಾನ ಬದಲಿಸಿಕೊಂಡು ರೋಮ್ ಅಥವಾ ಮಿಲಾನ್, ಮುಂದೆ ಸಾರ್ಡೀನಿಯಾದ ಓಲ್ಬಿಯಾ. ವಿಮಾನದ ಬದಲು ರೋಮ್ ಹತ್ತಿರದ ಚಿವಿತವೆಕ್ಕಿಯಾ ಬಂದರಿನಿಂದ ರಾತ್ರಿ ಹಡಗಿನಲ್ಲೂ ಓಲ್ಬಿಯಾ ಸೇರಬಹುದು. ಓಲ್ಬಿಯಾದಿಂದ ಪಲಾವು ಸುಮಾರು 40 ಕಿಲೊಮೀಟರ್, ಬಸ್ಸಿದೆ. ಪಲಾವಿನಿಂದ ಕಾರುಗಳನ್ನೂ ಹೊತ್ತೊಯ್ಯುವ ಫೆರ್ರಿ 15–20 ನಿಮಿಷದಲ್ಲಿ ಮದ್ದಲೇನಾ ಮುಟ್ಟಿಸುತ್ತದೆ.

ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 11 ವಯಸ್ಸಿನವರಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಕೊನೆಯ 15 ದಿನಕ್ಕೆ ತಳ್ಳಬೇಡಿ, ಕೆಲವೊಮ್ಮೆ 45 ದಿನವೂ ಹಿಡಿಯುತ್ತದೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೊದ್ದಿರಲಿ. ಹೊಲವಿದ್ದವರು ಪಹಣಿ, ಎಪಿಎಂಸಿ ಮಾರಾಟದ ರಸೀದಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಇಡಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಹಣ ಜಮೆಯಾದದ್ದು ಕಾಣಬೇಕು. ಅರ್ಜಿಗೆ ವಾರವಿರುವಾಗ ಎಲ್ಲಿಂದಲೋ ಲಕ್ಷಗಟ್ಟಲೆ ತಂದು ಖಾತೆಗೆ ತುಂಬಿದರೆ ಅನುಮಾನಕ್ಕೆ ಅದೇ ಕಾರಣ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ತಪ್ಪದೆ ಟಿಕೆಟ್ಟಿನಲ್ಲೂ ಹಾಗೇ ಇರಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ತುಪ್ಪ ಒಯ್ಯಬಹುದೇ? (ಸಿಂಧನೂರು)

ಉತ್ತರ: ರೊಟ್ಟಿ, ಚಟ್ನಿ ಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡೆ, ಖೋವಾ ಬೇಡ. ಹೊರದೇಶದ ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟಕ್ಕೆ ತರುವಂತಿಲ್ಲ. ಹಸಿ ಕರಿಬೇವು, ಹಸಿಮೆಣಸು, ಮಾವಿನಕಾಯಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಮನೆಯಲ್ಲೇ ಬಿಡಿ.

ಅಲ್ಲಿ ನಮ್ಮ ಖಡಕ್ ರೊಟ್ಟಿಯ ತಂಗಿಯೊಬ್ಬಳಿದ್ದಾಳೆ, ಹೆಸರು ಪಾನೆ ಕರಸಾವು. ಗೋಧಿಯದು, ಎರಡು ಸಲ ಸುಟ್ಟ, ಹಪ್ಪಳದಷ್ಟು ತೆಳುವಾದ ರೊಟ್ಟಿ. ತಿಂಗಳುಗಟ್ಟಲೆ ಕುರಿ ಕಾಯಲು ಹೋಗುವವರು ಬುತ್ತಿಗೆ ಒಯ್ಯುತ್ತಿದ್ದರು. ನಮ್ಮ ಚಟ್ನಿ ಪುಡಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಎಚ್ಚರಿಕೆ ಎರಡು: ಪೆಕೊರಿನೊ ಚೀಸನ್ನು ಹೆಪ್ಪುಗಟ್ಟಿಸಲು ಬಳಸುವುದು ಕರು, ಕುರಿಮರಿಯ ಹೊಟ್ಟೆಯ ಕಿಣ್ವ. ಜೇನು ಸುರಿದು ಕೊಡುವ ಸೆಯಾದಾಸ್ ಸಿಹಿಯ ಹಿಟ್ಟಿನಲ್ಲಿ ಸಾಮಾನ್ಯವಾಗಿ ಹಂದಿಯ ಕೊಬ್ಬಿರುತ್ತದೆ. ಅದಕ್ಕೆ ಅಲ್ಲಿ ‘ಸ್ತ್ರುತ್ತೊ’ ಎನ್ನುತ್ತಾರೆ, ಇದೆಯೇ ಎಂದು ಕೇಳಿ.

ಪ್ರಶ್ನೆ: ಬೀಚಿನಲ್ಲಿ ಕೊಳೆತ ಎಲೆಗಳ ರಾಶಿ ಇರುತ್ತದಂತೆ, ಗಲೀಜಲ್ಲವೇ? ಜೆಲ್ಲಿ ಮೀನು ಕಚ್ಚಿದರೆ ಏನು ಮಾಡಬೇಕು? (ರಾಯಚೂರು)

ಉತ್ತರ: ಅದು ಕಸವಲ್ಲ, ಆಗಲೇ ಹೇಳಿದ ಪೊಸಿಡೋನಿಯಾದ ಒಣ ಗರಿ. ಜೋಳದ ಕಣಿಕೆಯ ಗರಿಯಂತೆ ಉದ್ದ, ಒಂದು ಸೆಂಟಿಮೀಟರ್ ಅಗಲ, ಕಂದು ಬಣ್ಣ. ಚಳಿಗಾಲದ ಅಲೆಗಳ ಹೊಡೆತವನ್ನು ಆ ರಾಶಿಯೇ ತಡೆಯುತ್ತದೆ. ಅದನ್ನು ಬಳಿದು ಸಾಗಿಸಿದರೆ ಮರಳೂ ಅದರೊಂದಿಗೆ ಹೋಗುತ್ತದೆ. ಪಕ್ಕದಲ್ಲಿ ತೆಂಗಿನ ನಾರಿನಂಥ ಉಂಡೆಗಳು ಸಿಗುತ್ತವೆ, ಅವೂ ಅದರದೇ ನಾರು. ಪೊಸಿಡೋನಿಯಾ ಪಾಚಿಯಲ್ಲ. ಬೇರು, ಹೂವು, ಕಾಯಿ ಎಲ್ಲ ಇರುವ ಗಿಡ, ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಬೆಳೆಯದು. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವುದರಿಂದ ಒಂದು ಲಂಗರಿನ ಗಾಯ ಮಾಯಲು ದಶಕಗಳು ಬೇಕು. ದೋಣಿಯಿಂದ ನೋಡಿದಾಗ ತಿಳಿನೀಲಿ ಕಂಡರೆ ಮರಳು, ಕಡುನೀಲಿ ತೇಪೆ ಕಂಡರೆ ಹುಲ್ಲು. ಬಾಡಿಗೆ ದೋಣಿ ಓಡಿಸುವವರು ಲಂಗರು ಬಿಡಬೇಕಾದದ್ದು ಮರಳಿನ ಮೇಲೆ ಮಾತ್ರ, ಅದೂ ಉದ್ಯಾನದ ಅನುಮತಿ ಪಡೆದು.

ಜೆಲ್ಲಿ ಮೀನು ತಗುಲಿದರೆ ಸಮುದ್ರದ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮಕ್ಕಂಟಿದ ವಿಷಕೋಶಗಳು ಸಿಡಿದು ಉರಿ ಹೆಚ್ಚುತ್ತದೆ. ಟವೆಲ್ಲಿನಿಂದ ಉಜ್ಜಬೇಡಿ. ಉಸಿರಾಟಕ್ಕೆ ತೊಂದರೆಯಾದರೆ 112ಕ್ಕೆ ಕರೆ ಮಾಡಿ. ಇನ್ನೊಂದು ಮಾತು: ರಾಯಚೂರಿನ ಬಿಸಿಲು ಕಂಡವರಿಗೆ ಅಲ್ಲಿನ 30 ಡಿಗ್ರಿ ಏನೂ ಅನಿಸದು, ಆದರೆ ತಂಗಾಳಿಯಲ್ಲಿ ಚರ್ಮ ಸುಡುವುದು ಗೊತ್ತಾಗುವುದಿಲ್ಲ. ದೋಣಿಯಲ್ಲಿ ಮಕ್ಕಳಿಗೆ ತುಂಬುತೋಳಿನ ಅಂಗಿ ಇರಲಿ.

ಪ್ರಶ್ನೆ: ದೋಣಿ ಹೊರಡದ ದಿನ ನೋಡಲು ಏನಿದೆ? (ಕುಷ್ಟಗಿ)

ಉತ್ತರ: ಪಕ್ಕದ ಕಪ್ರೇರಾ ದ್ವೀಪ. ಮದ್ದಲೇನಾದಿಂದ ಅಲ್ಲಿಗೆ ಸಮುದ್ರದ ಮೇಲೆ ರಸ್ತೆಯೇ ಇದೆ, ಗಾಳಿಯ ಹಂಗಿಲ್ಲ. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗರಿಬಾಲ್ಡಿ ಕೊನೆಗಾಲದಲ್ಲಿ ಹೊಲ ಮಾಡಿಕೊಂಡಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಆತ ತೀರಿಕೊಂಡ 1882ರ ಜೂನ್ 2ರ ಸಂಜೆ 6:20ಕ್ಕೆ ನಿಲ್ಲಿಸಿದ ಗಡಿಯಾರ ಹಾಗೇ ಇದೆ. ಕಾಲುದಾರಿಯ ಪಕ್ಕ ಹಳದಿ ಹೂವಿನ ಹೆಲಿಕ್ರಿಸಮ್ ಗಿಡವನ್ನು ಮೆಲ್ಲಗೆ ಸವರಿ ಕೈ ಮೂಸಿ, ಸಾಂಬಾರು ಪುಡಿಯ ಡಬ್ಬಿ ತೆರೆದಂತಿರುತ್ತದೆ. ಕೀಳುವಂತಿಲ್ಲ. ಕಾಲಾ ಕೊತಿಚ್ಚೊ ಬೀಚಿಗೆ ಮಾತ್ರ ಉದ್ಯಾನದ ಮಾನ್ಯತೆ ಪಡೆದ ಗೈಡ್ ಜೊತೆಗೇ ಹೋಗಬೇಕು, ದಿನಕ್ಕೆ ಇಂತಿಷ್ಟೇ ಜನ. ಮುಂಗಡ ಕಾಯ್ದಿರಿಸಿ. ದ್ವೀಪದಲ್ಲಿ ಕಾಡುಹಂದಿಗಳಿವೆ, ತಿಂಡಿಯ ವಾಸನೆಗೆ ಬೀಚಿನವರೆಗೂ ಬರುತ್ತವೆ. ಏನನ್ನೂ ಹಾಕಬೇಡಿ, ಬುತ್ತಿಯ ಚೀಲ ಮರಳ ಮೇಲೆ ಬಿಟ್ಟು ಎಲ್ಲರೂ ಒಟ್ಟಿಗೆ ನೀರಿಗಿಳಿಯಬೇಡಿ.