ಎಂಜಿನಿಯರ್‌ಗೆ ಗಣಿತದ ಬಾಗಿಲು ಮುಚ್ಚಿಲ್ಲ

ಪತ್ರ: ನಾನು ಮೆಕ್ಯಾನಿಕಲ್ ಎಂಜಿನಿಯರ್, ವಯಸ್ಸು 32, ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ. ರಾತ್ರಿ ಹೊತ್ತು ಸ್ವಂತವಾಗಿ ಗಣಿತ ಓದುತ್ತಿದ್ದೇನೆ. ಓದಿದ ಪುಸ್ತಕಗಳ ಪಟ್ಟಿ ಲಗತ್ತಿಸಿದ್ದೇನೆ. ಕೆಲಸ ಬಿಟ್ಟು ಗಣಿತವನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆ. ಮನೆಯವರು ಹುಚ್ಚು ಎನ್ನುತ್ತಾರೆ. ರಾಮಾನುಜನ್ ಗುರುವಿಲ್ಲದೆ ಕಲಿಯಲಿಲ್ಲವೇ?
— ಓದುಗ, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಮನೆಯವರ ಆತಂಕವನ್ನು ತಳ್ಳಿಹಾಕುವಂತಿಲ್ಲ, ಮನೆ ಸಾಲದ ಕಂತು ಯಾವ ಪ್ರಮೇಯಕ್ಕೂ ಕಾಯುವುದಿಲ್ಲ. ಅಷ್ಟು ಹೇಳಿ ನಾನು ನಿಮ್ಮ ಪಕ್ಷಕ್ಕೇ ಬರುತ್ತೇನೆ.

ಆದರೆ ರಾಮಾನುಜನ್ನರನ್ನು ದಯವಿಟ್ಟು ಬಿಟ್ಟುಬಿಡಿ. ಒಬ್ಬರೇ ಕುಳಿತು ಗಣಿತ ಓದುವವರೆಲ್ಲ ಅವರ ಹೆಸರು ಹಿಡಿದೇ ಮಾತು ಆರಂಭಿಸುತ್ತಾರೆ. 1913ರಲ್ಲಿ ಅವರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದದ್ದು ತಮ್ಮ ಕೆಲಸವನ್ನು ಬಲ್ಲವರೊಬ್ಬರು ನೋಡಲಿ ಎಂದೇ ಎಂಬುದನ್ನು ಮಾತ್ರ ಮರೆಯುತ್ತಾರೆ. ನಿಮಗೆ ಹತ್ತಿರದವರು ಎಂಜಿನಿಯರಿಂಗ್‌ನಿಂದ ಗಣಿತಕ್ಕೆ ಬಂದ ರಾವುಲ್ ಬಾಟ್. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ ಅವರು ಪಿಟ್ಸ್‌ಬರ್ಗ್‌ಗೆ ಹೋಗಿ, ರಿಚರ್ಡ್ ಡಫಿನ್ ಅವರ ಮಾರ್ಗದರ್ಶನದಲ್ಲಿ ವಿದ್ಯುತ್ ಜಾಲಗಳ ಗಣಿತದ ಮೇಲೆಯೇ 1949ರಲ್ಲಿ ಡಾಕ್ಟರೇಟ್ ಪಡೆದರು. ಆಕಾರಗಳನ್ನು ಹಿಗ್ಗಿಸಿ ಬಗ್ಗಿಸಿದರೂ ಉಳಿಯುವ ಗುಣಗಳನ್ನು ನೋಡುವ ಟೊಪಾಲಜಿಯಲ್ಲಿ ಅವರ ಹೆಸರಿನ ಪ್ರಮೇಯವೇ ಇದೆ. ಕಲಿತ ಎಂಜಿನಿಯರಿಂಗನ್ನು ಅವರು ಎಸೆದು ಹೋಗಲಿಲ್ಲ, ಅದರ ಮೇಲೆಯೇ ಕಾಲೂರಿ ದಾಟಿದರು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗಣಿತ ಹೇಗಿರುತ್ತದೆ ಎಂಬುದು ನಿಮಗೇ ಗೊತ್ತು. ಎಕ್ಸ್ ವರ್ಗವನ್ನು ಫೂರಿಯೆ ಶ್ರೇಣಿಯಾಗಿ, ಅಂದರೆ ಸೈನ್ ಕೊಸೈನ್‌ಗಳ ಕೊನೆಯಿಲ್ಲದ ಮೊತ್ತವಾಗಿ ಬರೆದು, ಎಕ್ಸ್‌ಗೆ ಪೈ ಬೆಲೆ ಕೊಟ್ಟು, 1 + 1/4 + 1/9 + … ಎಂಬ ಶ್ರೇಣಿಯ ಮೊತ್ತ ಪೈ ವರ್ಗದ ಆರನೇ ಒಂದು ಭಾಗ ಎಂದು ತೋರಿಸಿದರೆ ಪೂರ್ತಿ ಅಂಕ. ಆ ಶ್ರೇಣಿ ಆ ಬಿಂದುವಿನಲ್ಲಿ ನಿಜಕ್ಕೂ ಎಕ್ಸ್ ವರ್ಗದ ಬೆಲೆಗೇ ಬಂದು ಸೇರುತ್ತದೆಯೇ, ಸೇರುವುದಾದರೆ ಏಕೆ ಎಂದು ಕೇಳುವವರಿಲ್ಲ. ಫೂರಿಯೆ 1807ರಲ್ಲಿ ಮಂಡಿಸಿದ ವಿಚಾರಕ್ಕೆ ಗಣಿತಜ್ಞ ಡಿರಿಕ್ಲೆ ಒಪ್ಪುವಂಥ ಸಾಧನೆ (ಪ್ರೂಫ್) ಕೊಟ್ಟದ್ದು 1829ರಲ್ಲಿ. ಘಟಾನುಘಟಿಗಳನ್ನು ಅಷ್ಟು ವರ್ಷ ಕಾಡಿದ ಆ ಪ್ರಶ್ನೆ ನಮ್ಮ ಗೈಡುಗಳಲ್ಲಿ ‘ಡಿರಿಕ್ಲೆ ನಿಬಂಧನೆಗಳನ್ನು ಬರೆಯಿರಿ’ ಎಂಬ ಬಾಯಿಪಾಠಕ್ಕೆ ಇಳಿದಿದೆ.

ನಿಮ್ಮನ್ನು ತುಸು ಗದರಿಸಬೇಕಾದದ್ದೂ ಇಲ್ಲಿಯೇ. ನಿಮ್ಮ ಪಟ್ಟಿಯಲ್ಲಿ ದೊಡ್ಡ ದೊಡ್ಡ ಪುಸ್ತಕಗಳಿವೆ, ನೀವೇ ಬರೆದ ಒಂದು ಪ್ರಮೇಯದ ಸಾಧನೆಯ ಸುದ್ದಿಯಿಲ್ಲ. ಓದುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಪುಸ್ತಕ ಮುಚ್ಚಿ ಹಾಳೆಯ ಮೇಲೆ ಬರೆಯ ಹೊರಟಾಗಲೇ ಎರಡನೆಯ ಸಾಲಿಗೆ ಪೆನ್ನು ನಿಲ್ಲುವುದು. ಹಾಗೆ ಬರೆದದ್ದನ್ನು ಪದವಿ ಕಾಲೇಜಿನ ಗಣಿತದ ಮೇಷ್ಟರೊಬ್ಬರಿಗೆ ತೋರಿಸಿ, ಕೆಂಪು ಶಾಯಿ ಬೀಳಲಿ. ಚೆನ್ನೈ ಗಣಿತ ಸಂಸ್ಥೆಯ ಎಂ.ಎಸ್ಸಿ.ಗೂ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂ.ಮ್ಯಾಥ್ ಎಂಬ ಗಣಿತದ ಸ್ನಾತಕೋತ್ತರ ಪದವಿಗೂ ಎಂಜಿನಿಯರಿಂಗ್ ಪದವೀಧರರು ಪ್ರವೇಶ ಪರೀಕ್ಷೆ ಬರೆಯಬಹುದು. ರಾಜೀನಾಮೆಯ ಯೋಚನೆ ಅದರ ಫಲಿತಾಂಶ ಬಂದ ಮೇಲೆ.

ವಯಸ್ಸಿನ ಅಳುಕಿದ್ದರೆ ಜಾರ್ಜ್ ಗ್ರೀನ್ ಇದ್ದಾರೆ. ನಾಟಿಂಗ್‌ಹ್ಯಾಮ್‌ನಲ್ಲಿ ಗಿರಣಿ ನಡೆಸುತ್ತಿದ್ದ ಈತ ಶಾಲೆ ಕಂಡದ್ದೇ ಅಲ್ಪಕಾಲ. 1823ರಲ್ಲಿ ಊರಿನ ಚಂದಾ ಗ್ರಂಥಾಲಯ ಸೇರಿ, 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಗಣಿತದ ಮೇಲೆ ಪ್ರಬಂಧ ಅಚ್ಚು ಹಾಕಿಸಿ, ನಲವತ್ತರ ವಯಸ್ಸಿನಲ್ಲಿ ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಹೋದರು. ನೀವು ಪರೀಕ್ಷೆಗೆಂದು ಉರು ಹೊಡೆದ ಗ್ರೀನ್ ಪ್ರಮೇಯ ಇವರ ಹೆಸರಿನದೇ.

ಆ ಗಿರಣಿಯವರಿಗೆ ಸಿಕ್ಕ ಗ್ರಂಥಾಲಯ ನಮ್ಮ ಊರುಗಳಲ್ಲಿ ಎಲ್ಲಿದೆ? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ದೆಸೆಯಿಂದ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದರೂ ಜಿಲ್ಲಾ ಕೇಂದ್ರವೊಂದರ ಗ್ರಂಥಾಲಯದಲ್ಲಿ ನಾನು ಗಣಿತದ ಕಪಾಟು ಕೇಳಿದಾಗ ತೋರಿಸಿದ್ದು ಬ್ಯಾಂಕ್ ಪರೀಕ್ಷೆಯ ಗೈಡುಗಳನ್ನು ಮತ್ತು ಸಿಇಟಿ ಪ್ರಶ್ನೆಕೋಶಗಳನ್ನು. ಜಾಣ ಮಕ್ಕಳನ್ನೆಲ್ಲ ಎಂಜಿನಿಯರಿಂಗ್‌ಗೆ ಅಟ್ಟಿ, ಬಿ.ಎಸ್ಸಿ. ಗಣಿತವನ್ನು ಸೀಟು ಸಿಗದವರ ಪಾಲಿಗೆ ಬಿಟ್ಟ ಸಮಾಜದಲ್ಲಿ ಕಪಾಟು ಬೇರೆ ಥರ ಇರಲು ಸಾಧ್ಯವೂ ಇಲ್ಲ. ಮುಂದಿನ ಸಲ ದಾವಣಗೆರೆಗೆ ಬಂದಾಗ, ನಿಮ್ಮ ಪಟ್ಟಿಯಿಂದ ನಾಲ್ಕು ಪುಸ್ತಕ ಆರಿಸಿ ಅಲ್ಲಿನ ಗ್ರಂಥಾಲಯಕ್ಕೆ ಲಿಖಿತ ಬೇಡಿಕೆ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.