ಮುಂಬೈಯಲ್ಲಿ ಸಿಗುವ ಕರಾಂದೆ ತಿನ್ನಬಹುದಾ? ಅದರಲ್ಲಿ ಏನಿದೆ?

ತಿನ್ನಬಹುದು, ಆದರೆ ಹಸಿಯಾಗಿ ಅಲ್ಲ. ಮಳೆಗಾಲ ಮುಗಿದ ಮೇಲೆ ಮುಂಬೈಯ ಮಾರ್ಕೆಟ್‌ಗಳಿಗೆ ಬರುವ ಈ ಕಂದು ಗೆಡ್ಡೆ ಡಯಾಸ್ಕೋರಿಯಾ ಬಲ್ಬಿಫೆರಾ ಎಂಬ ಕಾಡುಗೆಣಸಿನದು. ನೆಲದೊಳಗಲ್ಲದೆ ಬಳ್ಳಿಯ ಮೇಲೂ ಗೆಡ್ಡೆ ಬಿಡುತ್ತದೆ.

ಈ ಜಾತಿಯ ಗೆಣಸುಗಳಲ್ಲಿ ಪಿಷ್ಟವೇ ಜಾಸ್ತಿ. ಜೊತೆಗೆ ನಾರು, ಪೊಟ್ಯಾಷಿಯಂ ಚೆನ್ನಾಗಿವೆ. ಪ್ರೋಟೀನ್ ಕಮ್ಮಿ, ಹಾಗಾಗಿ ಬೇಳೆ ಜೊತೆ ತಿನ್ನಿ. ಕಿಡ್ನಿ ತೊಂದರೆಯವರು ಪೊಟ್ಯಾಷಿಯಂ ಕಾರಣಕ್ಕೆ ಡಾಕ್ಟರನ್ನು ಕೇಳಲೇಬೇಕು.

ಅಪಾಯ ಇರುವುದು ಕಹಿಯಲ್ಲಿ. ಕಾಡು ತಳಿಗಳಲ್ಲಿ ಡಯಾಸ್‌ಬಲ್ಬಿನ್ ಎಂಬ ಅಂಶವಿದ್ದು, ಅದು ಯಕೃತ್ತಿಗೆ ಕೆಟ್ಟದ್ದು. ಚೀನಾದಲ್ಲಿ ಇದೇ ಗೆಡ್ಡೆಯನ್ನು ಔಷಧಿಯಾಗಿ ತಿಂದವರ ಯಕೃತ್ತಿಗೆ ಪೆಟ್ಟಾದದ್ದು ದಾಖಲಾಗಿದೆ. ಅದಕ್ಕೇ ತಿಳಿದವರು ಬೂದಿ ಹಾಕಿದ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲುತ್ತಾರೆ. ಬೆಂದ ಮೇಲೂ ಕಹಿಯಿದ್ದರೆ ದಯವಿಟ್ಟು ಬಿಸಾಡಿ, ಬೆಲ್ಲ ಹಾಕಿ ಮುಚ್ಚಬೇಡಿ. ಯಕೃತ್ತಿನ ಕಾಯಿಲೆ ಇದ್ದವರು, ಬಸುರಿಯರು ಮುಟ್ಟದಿರುವುದೇ ಒಳ್ಳೆಯದು.

ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನ ಅಂಚಿನಲ್ಲಿ ಸುಮ್ನೆ ಅಗೆದು ತರುವ ಸಾಹಸವಂತೂ ಬೇಡ. ಕರಾಂದೆಯ ಎಲೆ ಹೃದಯದ ಆಕಾರದ ಒಂಟಿ ಎಲೆ. ಮೂರು ಎಲೆಯ ಹಿಸ್ಪಿಡಾ ಎಂಬ ಕಾಡುಗೆಣಸಿನಲ್ಲಿ ನರಗಳಿಗೆ ಹೊಡೆಯುವ ಡಯಾಸ್ಕೋರಿನ್ ಇದೆ. ಅದನ್ನು ತೆಳ್ಳಗೆ ಹೆಚ್ಚಿ ದಿನಗಟ್ಟಲೆ ಹರಿಯುವ ನೀರಿನಲ್ಲಿ ಇಡದೆ ತಿಂದರೆ ಪ್ರಾಣಕ್ಕೇ ಕುತ್ತು. ಮಾರುವ ಹೆಂಗಸರನ್ನೇ ಕೇಳಿ, ಹೇಗೆ ಬೇಯಿಸಬೇಕೆಂದು ಅವರೇ ಹೇಳುತ್ತಾರೆ.