ನೆರೆ ನೀರು ಸೇರಿದ ಬ್ಯಾರೆಲ್ ಡೀಸೆಲ್ ಸೋಸಿ ಪಂಪ್‌ಸೆಟ್‌ಗೆ, ಪಿಕಪ್‌ಗೆ ಹಾಕಬಹುದಾ?

ಮೊದಲು ಪಿಕಪ್ ವಿಷಯ, ಅದು ಅರ್ಜೆಂಟ್. ಮಳೆಗಾಲದಲ್ಲಿ ಹೊಳೆ ನೀರು ನುಗ್ಗಿದ ಶೆಡ್‌ನ ಬ್ಯಾರೆಲ್‌ನಿಂದ ಕೈಪಂಪಿನಲ್ಲಿ ಐದು ಲೀಟರ್ ತೆಗೆದು ಬಿಎಸ್6 ಪಿಕಪ್‌ಗೆ ಹಾಕಿದ್ದೀರಿ, ಇನ್ನೂ ಸ್ಟಾರ್ಟ್ ಮಾಡಿಲ್ಲ ಅಂತ ಬರೆದಿದ್ದೀರಿ. ದಯವಿಟ್ಟು ಕೀ ಕೂಡ ತಿರುಗಿಸಬೇಡಿ. ಕೆಲವು ಗಾಡಿಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಪಂಪ್ ಓಡಿ, ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತದೆ. ನಿಂತಲ್ಲೇ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಹೊಸ ಡೀಸೆಲ್ ಹಾಕಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಟ್ಯಾಂಕ್ ತುಂಬಾ ಒಳ್ಳೆ ಡೀಸೆಲ್ ಸುರಿದರೆ ಇದರಲ್ಲಿರುವ ನೀರು ಕರಗಿ ಹೋಗುತ್ತದೆ ಅಂದುಕೊಳ್ಳಬೇಡಿ. ಡೀಸೆಲ್‌ನಲ್ಲಿ ನೀರು ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಟ್ಯಾಂಕಿನ ಅಡಿಗೆ ಇಳಿದು, ಅಲ್ಲೇ ಕೂತು ಕಾಯುತ್ತದೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಆ ಕೈಪಂಪು. ಬ್ಯಾರೆಲ್ ಪಂಪಿನ ಪೈಪ್ ಅಡಿ ಮುಟ್ಟುವವರೆಗೆ ಇರುತ್ತದೆ. ಡೀಸೆಲ್ ಲೀಟರಿಗೆ ಸುಮಾರು 820ರಿಂದ 850 ಗ್ರಾಂ, ನೀರು 1000 ಗ್ರಾಂ. ಹಾಗಾಗಿ ನೀರು, ಮಣ್ಣು, ತುಕ್ಕು ಎಲ್ಲ ಅಡಿಯಲ್ಲೇ ಇರುತ್ತವೆ. ನೀವು ತೆಗೆದ ಮೊದಲ ಐದು ಲೀಟರ್ ಆ ಬ್ಯಾರೆಲ್‌ನ ಅತಿ ಕೆಟ್ಟ ಐದು ಲೀಟರ್ ಆಗಿರುವ ಸಾಧ್ಯತೆ ಜಾಸ್ತಿ.

ನಾನು ಕೊಡಗಿನ ಸಿದ್ದಾಪುರದ ಕಡೆ ತೋಟದ ಇಂಜಿನ್‌ಗಳ ಕೆಲಸ ಮಾಡುತ್ತೇನೆ. 2018 ಮತ್ತು 2019ರ ಆಗಸ್ಟ್ ನೆರೆ ಆದ ಮೇಲೆ ಹೊಳೆ ಬದಿಯ ಶೆಡ್‌ಗಳಲ್ಲಿ ಇಂಥ ಬ್ಯಾರೆಲ್‌ಗಳನ್ನು ತುಂಬಾ ನೋಡಿದ್ದೇನೆ. ಎಲ್ಲರೂ ಮೊದಲು ಕೇಳುವುದು ಯಾವ ಬಟ್ಟೆಯಲ್ಲಿ ಸೋಸಬೇಕು ಅಂತ. ಬಟ್ಟೆಗಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಬ್ಯಾರೆಲ್ ಅಲ್ಲಾಡಿಸದೇ ಇರುವುದು. ನಿಮ್ಮದು ಆಗಸ್ಟ್‌ನಿಂದ ಇಲ್ಲಿವರೆಗೆ ನಿಂತಲ್ಲೇ ನಿಂತಿದೆ ಅಲ್ವಾ? ತಿಂಗಳುಗಟ್ಟಲೆ ತಾನಾಗಿ ಬೇರೆಯಾದ ನೀರನ್ನು, ಉರುಳಿಸಿಕೊಂಡು ಕಣಕ್ಕೆ ತಂದರೆ ಒಂದೇ ನಿಮಿಷದಲ್ಲಿ ಮತ್ತೆ ಕಲಸಿಬಿಡುತ್ತೀರಿ. ಆಗ ಮಜ್ಜಿಗೆ ಹಾಗೆ ಮಬ್ಬಾಗುತ್ತದೆ, ಸಣ್ಣ ಹನಿಗಳು ಇಳಿಯಲು ದಿನಗಟ್ಟಲೆ ಬೇಕು. ನೀವು ಕೈಪಂಪು ಆಡಿಸಿದ್ದರಿಂದ ಅಡಿ ಸ್ವಲ್ಪ ಕದಡಿರುತ್ತದೆ. ಇನ್ನೆರಡು ದಿನ ಮುಟ್ಟಬೇಡಿ.

ಆಮೇಲೆ ಅಡಿಯಲ್ಲಿ ನೀರು ಎಷ್ಟಿದೆ ನೋಡಿ. ಪೆಟ್ರೋಲ್ ಬಂಕ್‌ನವರು ಅಳತೆ ಕೋಲಿಗೆ ಹಚ್ಚುವ ವಾಟರ್ ಫೈಂಡಿಂಗ್ ಪೇಸ್ಟ್ ಸಿಕ್ಕಿದರೆ ಒಳ್ಳೆಯದು. ಒಣ ಕೋಲಿನ ತುದಿಗೆ ಹಚ್ಚಿ ನಿಧಾನಕ್ಕೆ ಇಳಿಸಿ. ನೀರು ತಾಗಿದ ಎತ್ತರದವರೆಗೆ ಬಣ್ಣ ಬದಲಾಗುತ್ತದೆ. 200 ಲೀಟರ್ ಬ್ಯಾರೆಲ್‌ನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 2.5 ಲೀಟರ್.

ಡೀಸೆಲ್ ಮೇಲಿನಿಂದ ತೆಗೆಯಿರಿ. ಕೈಪಂಪಿನ ಪೈಪ್ ತುಂಡು ಜೋಡಿಸುವಂಥದ್ದಾದರೆ ಕೊನೆಯ ತುಂಡು ಬಿಚ್ಚಿ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲೆ ಇರಲಿ, ನಿಧಾನಕ್ಕೆ ಆಡಿಸಿ. ಬಾಯಿಯಿಂದ ಎಳೆಯುವ ಕೆಲಸ ಮಾತ್ರ ಬೇಡ. ಡೀಸೆಲ್ ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ. ಕೆಳಗಿನ 50 ಲೀಟರ್‌ನಷ್ಟು ಹಾಗೇ ಬಿಡಿ. ಅದನ್ನು ಬೇರೆ ಕ್ಯಾನ್‌ಗಳಿಗೆ ಹಾಕಿ, ಮತ್ತೆ ಕೆಲವು ದಿನ ನಿಲ್ಲಿಸಿ, ಮೇಲಿನದ್ದು ತೆಗೆದುಕೊಳ್ಳಬಹುದು.

ಈಗ ಸೋಸುವ ಮಾತು. ಪಂಚೆ ಬಟ್ಟೆ ನಾಲ್ಕು ಮಡಿಕೆ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ತರಗೆಲೆ, ಹುಳ, ತುಕ್ಕಿನ ಚಕ್ಕೆ ನಿಲ್ಲುತ್ತವೆ, ಅಷ್ಟೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು; ನಮ್ಮ ಕಣ್ಣಿಗೆ ಕಾಣುವುದು ಹೆಚ್ಚೆಂದರೆ 40 ಮೈಕ್ರಾನ್‌ವರೆಗೆ. ಇಂಜೆಕ್ಷನ್ ಪಂಪಿನ ಒಳಗಿನ ಸಂದು ಎರಡು ಮೂರು ಮೈಕ್ರಾನ್. ನೀರಂತೂ ನೆನೆದ ಬಟ್ಟೆಯಲ್ಲಿ ಆರಾಮಾಗಿ ದಾಟುತ್ತದೆ. ಬಟ್ಟೆ ಮೊದಲ ಸುತ್ತಿಗೆ ಇರಲಿ, ಅದೂ ನೂಲು ಉದುರದ ಹತ್ತಿ ಬಟ್ಟೆ. ನಂತರ ಅಡಿಯಲ್ಲಿ ಪಾರದರ್ಶಕ ಕಪ್ ಇರುವ ವಾಟರ್ ಸೆಪರೇಟರ್, ಅದರ ಮುಂದೆ 10 ಮೈಕ್ರಾನ್ ಫಿಲ್ಟರ್, ಕೊನೆಗೆ 2ರಿಂದ 5 ಮೈಕ್ರಾನ್ ಫಿಲ್ಟರ್. ಟ್ರ್ಯಾಕ್ಟರ್‌ಗಳಿಗೆ ಬರುವ ಜೋಡಿ ಫಿಲ್ಟರ್ ಸೆಟ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕ್ಯಾನ್ ಎತ್ತರದಲ್ಲಿ ಇಟ್ಟು, ಮೋಟಾರ್ ಇಲ್ಲದೆ, ತಾನಾಗಿ ಇಳಿಯಲು ಬಿಡಿ. ಸಣ್ಣ ಧಾರೆಯಲ್ಲಿ ಇಳಿದರೆ ಸೆಪರೇಟರ್‌ಗೆ ನೀರು ಹಿಡಿಯಲು ಸಮಯ ಸಿಗುತ್ತದೆ. ರಭಸದಿಂದ ತಳ್ಳಿದರೆ ಹನಿ ಒಡೆದು ಸಣ್ಣದಾಗಿ ಡೀಸೆಲ್ ಜೊತೆಗೇ ದಾಟಿಹೋಗುತ್ತದೆ.

ಫಿಲ್ಟರ್‌ನಲ್ಲಿ ಕಂದು ಅಥವಾ ಕಪ್ಪು ಲೋಳೆ ಕಂಡರೆ ಅದು ಮಣ್ಣಲ್ಲ. ನೀರು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ತಿಂಗಳುಗಟ್ಟಲೆ ನೀರಿನ ಮೇಲೆ ನಿಂತ ಡೀಸೆಲ್‌ಗೆ ಇದು ಸಾಮಾನ್ಯ. ಒಂದು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಇನ್ನೊಂದು ಕೈಯಲ್ಲಿರಲಿ. ಲೋಳೆ ಇದ್ದ ಬ್ಯಾರೆಲ್‌ಗೆ ತೊಳೆಯದೆ ಹೊಸ ಡೀಸೆಲ್ ತುಂಬಬೇಡಿ, ಅದಕ್ಕೂ ಹತ್ತುತ್ತದೆ.

ಸೋಸಿದ್ದನ್ನು ಸಂಜೆ ಒಂದು ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ಹೊರಗೆ ಇಡಿ. ನಮ್ಮ ಕಡೆ ಜನವರಿಯ ಚಳಿ ಇದಕ್ಕೆ ತುಂಬಾ ಅನುಕೂಲ. ತಣ್ಣಗಾದಷ್ಟೂ ಡೀಸೆಲ್ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೆಳಗ್ಗೆ ಬಾಟಲಿ ಹಿಂದೆ ಪೇಪರ್ ಹಿಡಿದರೆ ಅಕ್ಷರ ಸ್ಪಷ್ಟವಾಗಿ ಕಾಣಬೇಕು, ಅಡಿಯಲ್ಲಿ ಹನಿ ಇರಬಾರದು. ಮಬ್ಬಿದ್ದರೆ ಮತ್ತೆ ನಿಲ್ಲಿಸಿ, ಮತ್ತೆ ಸೋಸಿ. ನೀರು ಆರಿಸಲು ಒಲೆ ಮೇಲೆ ಕಾಯಿಸುವುದು ಯಾವ ಕಾರಣಕ್ಕೂ ಬೇಡ.

ಶೆಡ್‌ನಲ್ಲಿ ಕಳೆ ಕತ್ತರಿಸುವ ಮಿಷನ್‌ನ ಪೆಟ್ರೋಲ್ ಕ್ಯಾನ್ ಇತ್ತಾ? ಅದು ಮುಳುಗಿ ಚೆಲ್ಲಿದ್ದರೆ, ಬ್ಯಾರೆಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ, ಅದು ಯಾವ ಇಂಜಿನ್‌ಗೂ ಬೇಡ. ಫಿಲ್ಟರ್ ಪೆಟ್ರೋಲನ್ನು ಬೇರೆ ಮಾಡುವುದಿಲ್ಲ. ಸ್ವಲ್ಪ ಪೆಟ್ರೋಲ್ ಸೇರಿದರೂ ಡೀಸೆಲ್ ಮಾಮೂಲಿ ಬಿಸಿಲಲ್ಲೇ ಬೆಂಕಿ ಹಿಡಿಯುವ ಆವಿ ಬಿಡುತ್ತದೆ.

ಸ್ಪ್ರಿಂಕ್ಲರ್‌ನ ಪಂಪ್‌ಸೆಟ್‌ಗೆ ಹಾಕಬಹುದಾ? ಹಳೆಯ ಕಿರ್ಲೋಸ್ಕರ್ ಥರದ ಮೆಕ್ಯಾನಿಕಲ್ ಪಂಪ್ ಇಂಜಿನ್ ಆದರೆ, ಬಾಟಲಿ ಪರೀಕ್ಷೆಯಲ್ಲಿ ಪಾಸಾದ ಡೀಸೆಲ್ ಹಾಕಬಹುದು. ಡೀಸೆಲ್ ಚಿಮ್ಮಿಸುವ ಅದರ ನಾಜಲ್ ತೆರೆಯುವ ಒತ್ತಡ 200 ಬಾರ್ ಆಸುಪಾಸಿನಲ್ಲಿ. ಪಿಕಪ್‌ನ ಕಾಮನ್ ರೈಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಕೊಡುವ ಒಂದೇ ಕೊಳವೆಯಲ್ಲಿ, 1600 ಬಾರ್, ಅದಕ್ಕಿಂತಲೂ ಜಾಸ್ತಿ. ಅಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಜಾರಿಕೆ ಕೊಡುವುದು ಡೀಸೆಲ್ಲೇ. ನೀರು ಬಂದರೆ ಆ ಪೊರೆ ಹೋಗಿ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಇಂಜೆಕ್ಟರ್ ತುದಿಯ ಬಿಸಿಗೆ ನೀರು ಆವಿಯಾಗಿ ತುದಿಯೇ ಒಡೆಯಬಹುದು. ಎಷ್ಟೇ ಚೆನ್ನಾಗಿ ಸೋಸಿದರೂ ಈ ಡೀಸೆಲನ್ನು ನಾನು ಪಿಕಪ್‌ಗೆ ಹಾಕಲಾರೆ. ಒಂದು ಬ್ಯಾರೆಲ್ ಉಳಿಸಲು ಹೋಗಿ ಪಂಪ್, ಇಂಜೆಕ್ಟರ್ ಎಲ್ಲ ಬದಲಿಸಿದವರ ನೋವು ನೋಡಿದ್ದೇನೆ.

ಪಂಪ್‌ಸೆಟ್‌ಗೂ ಹೂಮಳೆ (ಕಾಫಿ ಹೂ ಅರಳಲು ಸ್ಪ್ರಿಂಕ್ಲರ್‌ನಲ್ಲಿ ಹಾಯಿಸುವ ನೀರು) ಕೊಡುವ ದಿನವೇ ಮೊದಲ ಸಲ ಹಾಕಬೇಡಿ. ಅರ್ಧ ತೋಟಕ್ಕೆ ನೀರು ಬಿದ್ದು ಇಂಜಿನ್ ನಿಂತರೆ ಹೂವು ಒಂದೇ ಹದದಲ್ಲಿ ಬರುವುದಿಲ್ಲ, ನಿಮಗೇ ಗೊತ್ತು. ಒಂದು ವಾರ ಮೊದಲೇ ಓಡಿಸಿ ನೋಡಿ. ಬಿಳಿ ಹೊಗೆ, ಮಿಸ್ಸಿಂಗ್, ಏರಿಳಿತ ಕಂಡರೆ ನಿಲ್ಲಿಸಿ, ಫಿಲ್ಟರ್ ಕಪ್ ಬಿಚ್ಚಿ ನೀರು ಚೆಲ್ಲಿ, ಡೀಸೆಲ್ ಲೈನಿನ ಏರ್ ತೆಗೆದು ಮತ್ತೆ ಸ್ಟಾರ್ಟ್ ಮಾಡಿ. ಈ ಡೀಸೆಲ್ ಮುಗಿಯುವವರೆಗೆ ದಿನಾ ಬೆಳಗ್ಗೆ ಕಪ್ ನೋಡಿ.

ಮುಂದಿನ ಮಳೆಗಾಲಕ್ಕೆ ಬ್ಯಾರೆಲ್ ಎತ್ತರದ ಜಾಗಕ್ಕೆ ಹೋಗಲಿ, ಮೇಲೆ ಮಾಡು ಇರಲಿ. ನೆಟ್ಟಗೆ ನಿಲ್ಲಿಸಿದ ಬ್ಯಾರೆಲ್ ತಲೆ ಮೇಲೆ ಮಳೆ ನೀರು ನಿಲ್ಲುತ್ತದೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವಾಗ ಮುಚ್ಚಳದ ಸಂದಿನಿಂದ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ನೆರೆ ಬರದೇ ಇದ್ದರೂ ನೀರು ಸೇರುವುದು ಹೀಗೇ. ಜಿಂಕ್ ಲೇಪದ ಡ್ರಮ್ ಬಳಸಬೇಡಿ, ಜಿಂಕ್ ಡೀಸೆಲ್ ಜೊತೆ ಸೇರಿ ಫಿಲ್ಟರ್ ಕಟ್ಟಿಸುವ ಗಷ್ಟು ಮಾಡುತ್ತದೆ.

ಅಡಿಯಲ್ಲಿ ಉಳಿದ ನೀರು, ಲೋಳೆ, ಕೆಸರನ್ನು ತೋಡಿಗೆ, ಕೆರೆ ಬದಿಗೆ ಚೆಲ್ಲಬೇಡಿ. ನಿಮ್ಮ ತೋಟ ಕರಡಿಗೋಡು ಕಡೆ ಅಂದಿರಿ, ಅಲ್ಲಿ ಚೆಲ್ಲಿದ್ದು ಮೊದಲ ಮಳೆಗೇ ಕಾವೇರಿ ಸೇರುತ್ತದೆ. ಮುಚ್ಚಳವಿರುವ ಕ್ಯಾನ್‌ಗೆ ತುಂಬಿಸಿ, ಮೇಲೆ ಬರೆದಿಟ್ಟು, ವೇಸ್ಟ್ ಆಯಿಲ್ ತೆಗೆದುಕೊಳ್ಳುವ ಲೈಸೆನ್ಸ್ ಇದ್ದವರಿಗೆ ಕೊಡಿ. ಪಿಕಪ್ ಟ್ಯಾಂಕಿನಿಂದ ಇಳಿಸಿದ್ದನ್ನೂ ಬೇರೆ ಕ್ಯಾನ್‌ನಲ್ಲಿ ಎರಡು ದಿನ ನಿಲ್ಲಿಸಿ. ಮೇಲೆ ತಿಳಿಯಾಗಿ ನಿಂತದ್ದು ಪಂಪ್‌ಸೆಟ್‌ನ ಸೋಸುವ ಸಾಲಿಗೆ ಸೇರಬಹುದು.